ಬಿಷಪ್ಪನ ಕಡೆಯವಳು

ದಿಯಾ ಈ ಶನಿವಾರವೂ ಬಿಷಪ್ಪನ ಪಕ್ಕದಲ್ಲೇ ಹೋಗಿ ಕುಳಿತಳು. ಅಜ್ಜಿ ಕಮಲವ್ವ ಗೋಡೆಯ ಪಕ್ಕದಿಂದ ಅವಳ ಮೇಲೇ ಕಣ್ಣು ನೆಟ್ಟರು.

ಅಮೆರಿಕದ ಮಾನ್ಮತ್ ಜಂಕ್ಷನ್ ಊರಿನ ಲೈಬ್ರರಿಯಲ್ಲಿ ಅದು ಐದನೆಯ ವಾರದ ತರಗತಿ. ನಡೆಸುತ್ತಿದ್ದವರು ನಿವೃತ್ತ ಪ್ರೊಫೆಸರ್ ಅಲಮೇಲು. ವಿಷಯ, ರೋಮ್ ಸಾಮ್ರಾಜ್ಯದ ಕೊನೆಯ ಶತಮಾನಗಳ ಒಂದು ದೊಡ್ಡ ವಾದ. ಹಳೆಯ ದೇವರುಗಳನ್ನು ಬಿಡದ ಪೇಗನ್ ತತ್ತ್ವಜ್ಞಾನಿಗಳು ಒಂದು ಕಡೆ, ಹೊಸ ಕ್ರೈಸ್ತ ಚಿಂತಕರು ಇನ್ನೊಂದು ಕಡೆ. ಮೇಜಿನ ಸುತ್ತ ಕೂತವರೂ ಹಾಗೆಯೇ ಎರಡು ಪಾಲಾಗಿದ್ದರು.

ಹದಿನೇಳರ ಮೊಮ್ಮಗಳು ಫೋನ್ ಬಿಟ್ಟು ಬೇರೇನಾದರೂ ನೋಡಲಿ ಎಂದು ಅವಳ ಹೆಸರು ಬರೆಸಿದವರು ಕಮಲವ್ವನೇ. ಮೊದಲ ವಾರ ಅವರಿಗೆ ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್ ಇದ್ದುದರಿಂದ ದಿಯಾ ಒಬ್ಬಳೇ ಹೋಗಿದ್ದಳು. ಎರಡನೆಯ ವಾರ ಬಂದು ನೋಡಿದರೆ ಹುಡುಗಿ ಕ್ರೈಸ್ತರ ಕಡೆ ಕುಳಿತಿದ್ದಾಳೆ!

ಆಗಸ್ಟಿನಲ್ಲಿ ಅವಳು ಕಾಲೇಜಿಗೆ ಹೊರಡುವವಳು. ಅಷ್ಟರೊಳಗೆ ಈ ಕಡೆಗೆ ಎಳೆದುಕೊಳ್ಳದಿದ್ದರೆ ಮೊಮ್ಮಗಳು ಕೈತಪ್ಪಿದಳೆಂದೇ ಲೆಕ್ಕ. ಅಂದಿನಿಂದ ಕಮಲವ್ವ ಗೋಡೆಯ ಪಕ್ಕ ಕುಳಿತು ಕಾವಲು ಕಾಯುತ್ತಿದ್ದರು.

ಬಿಷಪ್ ಎಂದರೆ ಆ ಕಡೆಯ ಮುಖಂಡ. ಅರವತ್ತು ದಾಟಿದ ಭಾರತೀಯ. ಕೋಟಿನ ಮೇಲೆ ‘ಬಿಷಪ್’ ಎಂಬ ಚೀಟಿ. ಹೆಸರು ಕೇಳುವ ಅಗತ್ಯ ಕಮಲವ್ವನಿಗೆ ಕಾಣಲಿಲ್ಲ. ಪ್ರತಿ ವಾರ ಆತ ಹೀಟರಿನ ಹತ್ತಿರದ ಕುರ್ಚಿಯನ್ನು ಅವರಿಗೆಂದು ಎಳೆದಿಡುತ್ತಿದ್ದ. ಇಂಥ ಒಳ್ಳೆಯತನ ತೋರಿಸಿಯೇ ಜನರನ್ನು ಒಲಿಸಿಕೊಳ್ಳುವುದು ಎಂದುಕೊಳ್ಳುತ್ತ ಕಮಲವ್ವ ಅದರಲ್ಲೇ ಕೂರುತ್ತಿದ್ದರು. ಕುರ್ಚಿ ಬೆಚ್ಚಗಿರುತ್ತಿತ್ತು.

ಮೂರನೆಯ ವಾರ ಕಮಲವ್ವ ಎಲ್ಲರಿಗೂ ಶೇಂಗಾ ಹೋಳಿಗೆ ಕೊಟ್ಟಾಗ ಆತ, ಇವತ್ತು ಉಪವಾಸ ಎಂದು ಬರೀ ನೀರು ಕುಡಿದಿದ್ದ. ಮಾರ್ಚ್ ತಿಂಗಳು, ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ ಕಮಲವ್ವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮರುವಾರವೇ ಎರಡು ಹೋಳಿಗೆ ಕೇಳಿ ಹಾಕಿಸಿಕೊಂಡ. ವ್ರತವೂ ಗಟ್ಟಿಯಿಲ್ಲದ ಮನುಷ್ಯ!

ಪೇಗನ್ನರ ಮುಖಂಡ ರಾಜ್ ಮಾತ್ರ ಬಂಗಾರದಂಥವರು. ಮೂಲ ಹುಬ್ಬಳ್ಳಿ. ವಾದಕ್ಕೆ ನಿಂತರೆ ಕೇಳುತ್ತಲೇ ಇರಬೇಕು.

“ಸೂರ್ಯನಿಂದ ಎಷ್ಟು ಬೆಳಕು ಹರಿದರೂ ಸೂರ್ಯ ಕುಂದುವುದಿಲ್ಲ,” ಎಂದು ಅವರು ಅಂದು ಇಂಗ್ಲಿಷಿನಲ್ಲಿ ಹೇಳಿದರು. “ಹಾಗೆಯೇ ಆ ಒಂದೇ ಪರತತ್ತ್ವದಿಂದ ಎಲ್ಲವೂ ಹರಿದಿದೆ. ಆತ್ಮ ತನ್ನ ಸಾಧನೆಯಿಂದ ಮೇಲೇರಿ ಅಲ್ಲಿಗೇ ಮರಳುತ್ತದೆ.”

ಕಮಲವ್ವ ತಲೆದೂಗಿದರು. ಮನೆಯಲ್ಲಿ ತಂದೆ ಹೇಳಿಕೊಟ್ಟ ಮಾತೇ ಕೇಳಿದಂತಿತ್ತು.

ದಿಯಾ ಎದ್ದು ನಿಂತಳು. “ಮೇಲೇರುವ ಶಕ್ತಿಯೇ ಇಲ್ಲದವರು ಏನು ಮಾಡಬೇಕು, ಅಂಕಲ್? ಓದಲು ಬಾರದ ಗುಲಾಮರು, ಕಾಯಿಲೆಯವರು? ಅವರಿಗಾಗಿ ದೇವರೇ ಕೆಳಗಿಳಿದು ಬರಬೇಕಲ್ಲವೆ?”

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ರಾಜ್. ಕಣ್ಣೂ ಒರೆಸಿಕೊಂಡರು. ಸೋತಾಗಲೂ ಎಂಥ ದೊಡ್ಡತನ!

ಇನ್ನು ತಡಮಾಡುವಂತಿರಲಿಲ್ಲ. ಚಹಾದ ಬಿಡುವಿನಲ್ಲಿ ಕಮಲವ್ವ ರಾಜ್‌ರನ್ನು ಹಿಡಿದರು.

“ನಮ್ಮ ದಿಯಾಗ ನೀವ ಒಂದೀಟು ತಿಳಿಸಿ ಹೇಳ್ಬೇಕ್ರಿ. ಇಕಿ ದಾರಿ ತಪ್ಪಲಿಕ್ಕತ್ತಾಳ.”

ರಾಜ್ ಬೆರಗಾದರು. “ನಾನಾ? ನಿಮ್ಮ ಮನ್ಯಾಗ ಯಾರದೂ ಅಡ್ಡಿ ಇಲ್ಲೇನ್ರಿ?”

“ಅಡ್ಡಿ ಎಂಥಾದ್ರಿ? ನಿಮ್ಮಂಥವರು ಸಿಗೋದ ಪುಣ್ಯ.”

“ನೋಡ್ರಿ ಕಮಲವ್ವಾರ, ಇಷ್ಟು ದೊಡ್ಡ ಮನಸಿನವರನ್ನ ನಾ ಕಂಡಿಲ್ಲ.” ಅವರು ಒಂದು ವಿಳಾಸ ಬರೆದು ಕೈಗಿಟ್ಟರು. “ರವಿವಾರ ಹತ್ತಕ್ಕ ವುಡ್‌ಬ್ರಿಡ್ಜ್‌ಗೆ ಕರಕೊಂಡು ಬರ್ರಿ. ನಾ ಮಾತಾಡೋದು ಅವತ್ತ.”

ಕಾರಿನಲ್ಲಿ ವಿಷಯ ಕೇಳಿ ದಿಯಾ ಕಣ್ಣರಳಿಸಿದಳು. “ರಾಜ್ ಅಂಕಲ್ ಹತ್ರ? ಆರ್ ಯೂ ಶೂರ್, ಅಜ್ಜಿ?”

“ನೂರಕ್ಕ ನೂರು.”

“ಯೂ ಆರ್ ಸೋ ಕೂಲ್!”

ಭಾನುವಾರ ಕಮಲವ್ವ ಇಳಕಲ್ ಸೀರೆ ಉಟ್ಟರು. ಮೊಮ್ಮಗಳ ಹಣೆಗೆ ತಾವೇ ಕುಂಕುಮ ಇಟ್ಟರು. ವಿಳಾಸದಲ್ಲಿದ್ದುದು ಒಂದು ಹಳೆಯ ಚರ್ಚ್. ಅದೇನೂ ಅವರಿಗೆ ವಿಶೇಷವೆನಿಸಲಿಲ್ಲ. ಯುಗಾದಿಯಾಗಲಿ ಭಜನೆಯಾಗಲಿ, ಈ ಕಡೆ ಚರ್ಚಿನ ಹಾಲನ್ನೇ ಬಾಡಿಗೆಗೆ ಹಿಡಿಯುವುದು ವಾಡಿಕೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಬೇರೆ ಯಾರ ಚಪ್ಪಲಿಯೂ ಅಲ್ಲಿರಲಿಲ್ಲ. ಬೇಗ ಬಂದೆವೇನೋ ಎಂದುಕೊಂಡು ಒಳಗೆ ಹೋದರೆ ಬೆಂಚುಗಳು ಭರ್ತಿ. ಯಾರೋ ಹೆಂಗಸು ಸರಿದು ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಟ್ಟಳು.

ಆರ್ಗನ್ ಮೊಳಗಿತು. ಎಲ್ಲರೂ ಎದ್ದು ನಿಂತರು. ಬಿಳಿ ನಿಲುವಂಗಿ ತೊಟ್ಟು, ಕೊರಳಲ್ಲಿ ಶಿಲುಬೆ ಧರಿಸಿ ರಾಜ್ ವೇದಿಕೆ ಹತ್ತಿದರು. ಕಮಲವ್ವನನ್ನು ಕಂಡು ತುಂಬು ಪ್ರೀತಿಯಿಂದ ನಕ್ಕರು.

ಕಮಲವ್ವ ಮೊಮ್ಮಗಳ ತೋಳು ಹಿಡಿದುಕೊಂಡರು. “ಏ ದಿಯಾ, ಇವರು ಪಾದ್ರಿ ಏನ?”

“ಹೌದು. ಅದಕ್ಕೇ ಅವರಿಗೆ ಪೇಗನ್ ಸೈಡ್,” ದಿಯಾ ಪಿಸುಗುಟ್ಟಿದಳು. “ಬಿಷಪ್ ಆಗಿರೋ ದ್ವಾರಕಾನಾಥ ಅಂಕಲ್ ದಿನಾ ಎರಡು ತಾಸು ಪೂಜಾ ಮಾಡ್ತಾರ. ಯಾರ್ಯಾರ ನಂಬಿಕಿ ಏನದ ಅಂತ ಫಸ್ಟ್ ಡೇ ಬರಸ್ಕೊಂಡು, ಎಲ್ಲರಿಗೂ ಎದುರಿನ ಸೈಡ್ ಕೊಟ್ರು ಅಲಮೇಲು ಆಂಟಿ.”

“ಮತ್ತ ನೀ ಏನು ಬರದಿದ್ದಿ?”

“ನಮ್ಮ ಅಜ್ಜಿದೇ ನಂದು ಅಂತ.”