ಐವತ್ತೇ ಪ್ರತಿ

“ತುಂಬಾ ಚೆನ್ನಾಗಿದೆಯಮ್ಮ, ನೀವೇ ಬರೆದ ಚಿತ್ರವಾ?” ಎಂದು ಆ ಹೆಸರಾಂತ ಪಿಟೀಲು ವಿದ್ವಾಂಸರು ಕೇಳಿದಾಗ ಪ್ರೇಮಕುಮಾರಿಗೆ ನಗು ಬಂತು. ದೊಡ್ಡವರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು. ಆ ವಿದ್ವಾಂಸರೇ ಬಿಡಿಸಿದ್ದೆಂದು ಹೇಳಿ ಅವರ ಸಹಾಯಕ ವರ್ಷಕ್ಕೊಂದರಂತೆ, ಐವತ್ತೇ ಪ್ರತಿ ಅಚ್ಚು ಹಾಕಿಸಿ ಮಾರುತ್ತಿದ್ದ ಚಿತ್ರಗಳಲ್ಲಿ ಒಂಬತ್ತು ಅವಳ ಮನೆಯ ಗೋಡೆ ಮೇಲಿದ್ದವು. ಮೊದಲನೆಯದನ್ನು ಅವರ ಕೈಗೇ ಕೊಟ್ಟು ತೋರಿಸಬೇಕೆಂದು ಅರಕಲಗೂಡಿನಿಂದ ಹಾಸನದಲ್ಲಿದ್ದ ಅವರ ಸಂಗೀತ ಕಛೇರಿಗೆ ತಂದಿದ್ದಳು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು.

ವಿದ್ವಾಂಸರು ನಗಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದರು. ಅವರ ಬೆನ್ನ ಹಿಂದಿದ್ದ ಆ ಸಹಾಯಕ ಮಾತ್ರ ಬಿಳಿಚಿಕೊಂಡು, ಬೇಡವೆಂಬಂತೆ ಅವಳತ್ತ ಕೈ ಅಲ್ಲಾಡಿಸಿದ. ಚಿತ್ರವನ್ನು ತಿರುಗಿಸಿ ಹಿಂಬದಿಯಲ್ಲಿದ್ದ ಅವರ ಸಹಿಯನ್ನು ತೋರಿಸಬಹುದಿತ್ತು. ಅವಳ ಕೈ ಏಳಲಿಲ್ಲ.

“ಹೂಂ ಸಾರ್, ನಾನೇ,” ಎಂದಳು.

“ಬಿಡಬೇಡಿ, ಕೈ ಕುದುರಿದೆ,” ಎಂದು ಅವರು ಹರಸಿದರು.

ಹೊರಗೆ ಗಂಡ ಸಿದ್ದೇಶ್ವರ ಕಾಯುತ್ತಿದ್ದ. ಯಾರೋ ಗೀಚಿದ ಕಾಗದಕ್ಕೆ ಪೂಜೆ ಮಾಡ್ತೀಯ ಎಂದು ಒಂಬತ್ತು ವರ್ಷ ಆಡಿಕೊಂಡವನು ಇವತ್ತು ತಾನೇ ಆಸೆಯಿಂದ ಎದುರು ಬಂದ.

“ಏನಂದ್ರು? ಗುರ್ತು ಸಿಕ್ತಾ ಅವ್ರಿಗೆ?”

“ಸಿಗ್ದೆ ಇರ್ತದಾ?” ಪ್ರೇಮಕುಮಾರಿ ಚಿತ್ರವನ್ನು ಎದೆಗವಚಿಕೊಂಡಳು. “ನೋಡ್ತಿದ್ದಂಗೇ, ಇದು ನಂದೇ ಅಂದ್ಬುಟ್ರು.”