ತಿಂಗಳಿಗೊಂದು ತಾಸು ನಿದ್ದೆ

ಆ ಬೆಳಿಗ್ಗೆ ಬಾಗಲಕೋಟೆಯಲ್ಲಿ ಮೋಡ ಕವಿದು ಗಾಳಿ ನಿಂತುಹೋಗಿತ್ತು. ನೀಲಾಂಬಿಕಾ ಪೂಜೆ ಮುಗಿಸಿ, ಗಿರಾಕಿಯೊಬ್ಬಳು ಕಳಿಸಿದ್ದ ಒಂದು ತಾಸು ನಿದ್ದೆ ತೆಗೆದುಕೊಂಡು ಚಾಪೆಯ ಮೇಲೆ ಮಲಗಿದಳು. ಅರ್ಧ ತಾಸಿನೊಳಗೆ ಮೂರು ಸಲ ದಡಬಡಿಸಿ ಎದ್ದಳು. ಮೂರನೆಯ ಸಲ, ಮನೆಯಲ್ಲೇ ಇಲ್ಲದ ತೊಟ್ಟಿಲೊಂದನ್ನು ಅವಳ ಕೈ ತೂಗುತ್ತಿತ್ತು.

"ಯಾರಿಗೆ ತೂಗಾಕತ್ತೀಯವ್ವಾ?" ಎಂದು ಅತ್ತೆ ಗುರವ್ವ ಕೇಳಿದಳು.

"ನನಗೂ ತಿಳೀವಲ್ದು ಅತ್ತಿ."

ಮೊಬೈಲ್ ಆಟ ತಯಾರಿಸುವವರು ತಮ್ಮ ಆಟದೊಳಗೆ ಹೊಳೆ ಹರಿಸಲು, ಆಟಕ್ಕೆ ಜೋಡಿಸುವಂತೆ ನೀಲಾಂಬಿಕಾ ಬರೆದಿದ್ದ ಆಡ್-ಆನ್ ಕೊಳ್ಳುತ್ತಿದ್ದರು. ಆ ಸೀಮೆಯ ಎಲ್ಲ ವ್ಯಾಪಾರದಂತೆ ಇದಕ್ಕೂ ಹಣದ ಬದಲು ತಮ್ಮ ನಿದ್ದೆಯನ್ನೇ ಬೆಲೆಯಾಗಿ ಕೊಡುತ್ತಿದ್ದರು; ಕೊಟ್ಟವರ ಎಚ್ಚರವೂ ಅದರ ಜೊತೆಗೇ ಬರುತ್ತಿತ್ತು. ಮೊದಲು ಒಮ್ಮೆ ಕೊಟ್ಟರೆ ಸಾಕಿತ್ತು. ಆದರೆ ಹೊಸ ಮೊಬೈಲು ಬಂದಾಗಲೆಲ್ಲ ಹೊಳೆ ನಿಂತುಬಿಡುತ್ತಿತ್ತು. ರಿಪೇರಿ ಮಾಡಿ ಮಾಡಿ ಅವಳ ಸ್ವಂತ ನಿದ್ದೆಯೇ ತೀರುತ್ತ ಬಂದಿತ್ತು. ಅದಕ್ಕೇ ಈಗ ತಿಂಗಳಿಗೊಂದು ತಾಸು ಎಂದು ಮಾಡಿದ್ದಳು.

ನಿದ್ದೆ ಕಳಿಸಿದ್ದ ಹೊಸಪೇಟೆಯ ತಸ್ಲೀಮಾಳಿಗೆ ಫೋನ್ ಮಾಡಿದಳು. "ನಿಮ್ಮನ್ಯಾಗ ಕೂಸೈತೇನ್ರಿ?"

"ಹೌದ್ರಿ ಅಕ್ಕಾ, ಎರಡು ತಿಂಗಳದ್ದು. ನಿದ್ದಿ ಕಮ್ಮಿ ಬಂತೇನ್ರಿ? ಹೊಳಿ ಮಾತ್ರ ಬಂದ್ ಮಾಡಬ್ಯಾಡ್ರಿ. ಮುಂದಿನ ವಾರ ನನ್ನ ಆಟ ಹೊರಗ ಬರತೈತಿ."

ನಿದ್ದೆ ಬಿಟ್ಟುಕೊಟ್ಟರೆ ರಿಪೇರಿಗೆ ಕಣ್ಣು ನಿಲ್ಲುವುದಿಲ್ಲ, ಇಟ್ಟುಕೊಂಡರೆ ಮನಸ್ಸು ನಿಲ್ಲುವುದಿಲ್ಲ. ಯಾವ ಬೆಲೆ ಸರಿಯೋ ಶಿವನೇ ಬಲ್ಲ.

"ಹೊಳಿ ಹರೀತೈತಿ. ಕೂಸು ಮಲಗೈತೇನು?"

"ಈಗರೆ ಮಲಗೈತ್ರಿ."

"ಹಂಗಾರ ನೀನೂ ಅಡ್ಡಾಗು ತಂಗಿ."

ಉಳಿದಿದ್ದ ಅರ್ಧ ತಾಸಿಗೆ ತನ್ನದೊಂದು ಅರ್ಧ ತಾಸು ಸೇರಿಸಿ ನೀಲಾಂಬಿಕಾ ಮರಳಿ ಕಳಿಸಿದಳು. "ಅಕ್ಕಾ, ಇದೇನ್ರಿ..." ಎನ್ನುತ್ತಿದ್ದ ದನಿ ನಡುವೆಯೇ ತಗ್ಗಿ, ನಿಧಾನದ ಉಸಿರಾಯಿತು.