ಹನ್ನೆರಡನೆಯ ತತ್ತಿ

ಒದ್ದೆ ಗೋಣಿಚೀಲದ ವಾಸನೆ ಬಂದರೆ ಈಗಲೂ ನನ್ನ ಬಲಗಿವಿ ಬೆಚ್ಚಗಾಗುತ್ತದೆ.

ಬೀದರದ ಮೈಲೂರಿನಲ್ಲಿದ್ದ ನಮ್ಮ ಮನೆಗೆ ಅಜ್ಜಿ ಭಾಲ್ಕಿಯಿಂದ ತನ್ನ ಕೋಳಿಯನ್ನು ಬಗಲಲ್ಲಿಟ್ಟುಕೊಂಡೇ ಬಂದಿದ್ದಳು. ಮೊದಲ ಸಲ ಕಾವಿಗೆ ಕೂಡಿಸಿದಾಗ ಅರ್ಧಕ್ಕರ್ಧ ಮರಿಗಳು ಚಿಪ್ಪಿಗೇ ಅಂಟಿ ಸತ್ತವು. "ಈ ಊರು ಎತ್ತರದಾಗ ಅದ. ಇಲ್ಲಿ ಗಾಳಿ ತತ್ತಿ ಒಳಗಿನ ಹಸಿ ಎಲ್ಲಾ ಕುಡೀತದ" ಎಂದು ಊರನ್ನೇ ಬೈದು, ಎರಡನೆಯ ಸಲ ಬುಟ್ಟಿಯ ಸುತ್ತ ಒದ್ದೆ ಗೋಣಿ ಕಟ್ಟಿದಳು. ಅದು ಒಣಗದಂತೆ ನೀರು ಚಿಮುಕಿಸುವುದು ನನ್ನ ಕೆಲಸ.

ಇಪ್ಪತ್ತೊಂದನೆಯ ದಿನ ಹನ್ನೊಂದು ಮರಿಗಳು ಹೊರಬಂದವು. ಹನ್ನೆರಡನೆಯ ತತ್ತಿ ಸುಮ್ಮನಿತ್ತು. ಮರುದಿನ ಮಧ್ಯಾಹ್ನ ಅದನ್ನು ಬಿಸಾಡಲು ಎತ್ತಿದ ಅಜ್ಜಿ, ಯಾಕೋ ನನ್ನ ಬಲಗಿವಿಗೆ ಹಿಡಿದಳು.

"ಏನರ ಕೇಳಸ್ತದೇನು?"

ಒಳಗೆ ಯಾರೋ ಉಗುರಿನಿಂದ ಕದ ಕೆರೆದ ಹಾಗಿತ್ತು. "ಜೀವ ಅದ, ಅಜ್ಜಿ!" ಎಂದು ಅಂಗಳದ ತುಂಬ ಕುಣಿದೆ.

ಅದು 1956ರ ನವೆಂಬರ್ ಒಂದು, ಬೀದರ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ದಿನ. ಸಂಜೆ ಅಪ್ಪ ಕಚೇರಿಯಿಂದ ಪೇಡೆ ತಂದ. "ಇವತ್ತಿಂದ ನಾವು ಹೈದರಾಬಾದಿನವರಲ್ಲ, ಮೈಸೂರಿನವರು" ಎಂದ. ಅಷ್ಟರಲ್ಲಿ ಬುಟ್ಟಿಯಲ್ಲಿ ಚಿಪ್ಪು ಬಿರಿದು, ತೊಯ್ದ ಮರಿ ಹೊರಳಿತು.

"ಹಂಗಾದ್ರ ನಿನ್ನೆ ಹುಟ್ಟಿದ್ದವೆಲ್ಲಾ ಹೈದರಾಬಾದಿನವು, ಇದೊಂದೇ ಮೈಸೂರಿಂದು!" ಎಂದೆ. ಅಪ್ಪ ಬಿದ್ದು ಬಿದ್ದು ನಕ್ಕ.

ಅಜ್ಜಿ ಪೇಡೆಯನ್ನು ದವಡೆಗೊತ್ತಿಕೊಂಡು ಮರಿಯನ್ನು ಕೋಳಿಯ ರೆಕ್ಕೆಯೊಳಗೆ ದೂಡಿದಳು. "ಮೆಲ್ಲಕ ಮಾತಾಡ್ರಿ. ಮರಿಗಳ ಅವ್ವಗ ಇನ್ನೂ ಗೊತ್ತಿಲ್ಲ."

ಕೋಳಿ ಒಮ್ಮೆ ಮೈ ಕೊಡವಿ, ಹನ್ನೆರಡರ ಮೇಲೂ ಅಗಲವಾಗಿ ಕೂತಿತು.